ಐದು ಅಡಿ ದಾಟಿದ ಗೂಬೆ

ಭಾನುವಾರ ಸಂಜೆ ಮನೇಲಿ ನಾವು ನಾಲ್ಕು ಜನ ದಾಳ ಹಿಡಿದು ಕೂರ್ತೀವಿ. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, 2003ರ 3.5 ಆವೃತ್ತಿ. ಕಥೆ ನಡೆಸೋದು, ತೀರ್ಪು ಕೊಡೋದು ನಾನು. ತಮ್ಮ ಮಂತ್ರವಾದಿ. ಅವನ ಸಂಗಾತಿ ಪ್ರಾಣಿ ಒಂದು ಗೂಬೆ. ಅಮ್ಮನಿಗೆ ಅದರ ಹೆಸರು ಕೇಳಿದರೇ ಆಗಲ್ಲ!

ಅವತ್ತು ಅವನು ಅದೃಶ್ಯವಾಗೋ ಮಂತ್ರ ಹಾಕ್ಕೊಂಡು, "ಗೂಬೆಗೂ ಹಂಚ್ತೀನಿ" ಅಂದ. ನಿಯಮದಲ್ಲಿ ಅವಕಾಶ ಇದೆ. ಆದರೆ ಪ್ರಾಣಿ 5 ಅಡಿಯೊಳಗೇ ಇರಬೇಕು. ದಾಟಿದರೆ ಅದರ ಪಾಲಿನ ಮಂತ್ರ ಮುಗೀತು, ವಾಪಸ್ ಬಂದರೂ ಮತ್ತೆ ಹತ್ತಲ್ಲ. ಅವನು ಗೂಬೆಯನ್ನ ಕೋಟೆಯೊಳಗೆ ನೋಡ್ಕೊಂಡು ಬಾ ಅಂತ ಕಳಿಸಿದ. ನಾನು ಪುಸ್ತಕ ತೆಗೆದು ಓದಿದೆ. ಕಾವಲುಗಾರನ ಬಾಣಕ್ಕೆ ಗೂಬೆ ಸತ್ತಿತು. ತಮ್ಮನ ಎಕ್ಸ್‌ಪೀರಿಯನ್ಸ್ ಪಾಯಿಂಟ್‌ಗಳೂ ಹೋದವು.

"ರೂಲ್ ಸರಿ ಅಕ್ಕಾ, ಕಳಿಸೋ ಮುಂಚೆ ಹೇಳ್ಬಹುದಿತ್ತಲ್ಲ?" ಅಂದ. ಊಟಕ್ಕೂ ಬರಲಿಲ್ಲ.

ರಾತ್ರಿ ಮತ್ತೆ ಓದಿದೆ. ಅದೇ ಮಂತ್ರವನ್ನ ಗೂಬೆಯನ್ನ ಮುಟ್ಟಿ ಅದರ ಮೇಲೇ ಹಾಕಿದ್ದರೆ 5 ಅಡಿಯ ಮಾತೇ ಬರ್ತಿರಲಿಲ್ಲ. ಮಂತ್ರವಾದಿಗೆ ಇದು ಗೊತ್ತಿರುತ್ತೆ, ಆಡೋ ಹುಡುಗನಿಗೆ ಗೊತ್ತಿರಲಿಲ್ಲ ಅಷ್ಟೇ. "ಹಂಚ್ತೀಯೋ, ಅದರ ಮೇಲೇ ಹಾಕ್ತೀಯೋ?" ಅಂತ ಒಂದು ಮಾತು ಕೇಳೋದು ನನ್ನ ಕೆಲಸವಾಗಿತ್ತು. ನಾನು ನಿಯಮ ನೋಡಿದೆ, ಅವನ ಮುಖ ನೋಡಲಿಲ್ಲ.

ಮುಂದಿನ ಭಾನುವಾರ ಅದೇ ದೃಶ್ಯ ಮತ್ತೆ ಆಡಿದ್ವಿ. ಈ ಸಲ ಕೇಳಿದೆ. "ಗೂಬೆ ಮೇಲೇ" ಅಂದ. ಗೂಬೆ ಕ್ಷೇಮವಾಗಿ ಬಂತು. ಕಾವಲುಗಾರರ ಕಣ್ಣಿಗೆ ಬಿದ್ದಿದ್ದು ಮಂತ್ರವಾದಿ. ಅದಕ್ಕೆ ಮಾತ್ರ ತಮ್ಮ ನನ್ನ ಮೇಲೆ ಸಿಟ್ಟಾಗಲಿಲ್ಲ.