ಒರಿಜಿನಲ್ಲು ಓದಿದವನದು

ನಮ್ಮಕ್ಕನ ಮಗನಿಗೆ ಕತಾರ್‌ನಿಂದ ಕೆಲಸದ ಪತ್ರ ಬಂದದ್ದು 2019ರ ಆಗಸ್ಟ್‌ನಲ್ಲಿ. ಎಚ್.ಡಿ.ಕೋಟೆ ಕಡೆ ಕಬಿನಿ ಉಕ್ಕಿ ಹರಿಯುತ್ತಿತ್ತು. ಇತ್ತ ಪಿರಿಯಾಪಟ್ಟಣದ ನಮ್ಮೂರಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳಿಗೆ ಹಗಲೂ ರಾತ್ರಿ ಸೌದೆ ಒಟ್ಟುತ್ತಿದ್ದೆವು. ಒಲೆಯ ಮುಂದೆ ಕೂತೇ ಪತ್ರ ಓದಿದೆವು. ವೀಸಾ ಆಗಬೇಕಾದರೆ ಡಿಗ್ರಿಯ ಒರಿಜಿನಲ್ ಬೇಕು, ಅದಕ್ಕೆ ಮುದ್ರೆಗಳೂ ಬೀಳಬೇಕು ಎಂದಿತ್ತು.

ಹುಡುಗನ ಮುಖ ಬಾಡಿತು. ಹುಣಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮೈಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಎಂ.ಬಿ.ಎ.ಗೆ ಸೇರಿದ್ದ. ಭಾವ ತೀರಿಕೊಂಡಾಗ ಅರ್ಧಕ್ಕೇ ಬಿಟ್ಟು ಬಂದಿದ್ದ. ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ಕಾಗದವೆಲ್ಲ ಆ ಕಾಲೇಜಿನವರ ಬೀರುವಿನಲ್ಲೇ ಉಳಿದಿತ್ತು. ಎರಡನೇ ವರ್ಷದ ಫೀಸನ್ನೂ ಕಟ್ಟಿದರೆ ಮಾತ್ರ ಕೊಡುತ್ತೇವೆ ಎಂದಿದ್ದರಂತೆ.

'ಕಳೆದುಹೋಗಿದೆ ಅಂತ ಸ್ಟೇಷನ್‌ನಲ್ಲಿ ಬರೆಸಿ, ಅಫಿಡವಿಟ್ ಮಾಡಿಸಿ, ಡೂಪ್ಲಿಕೇಟ್ ತಗೊಳ್ಳಿ' ಎಂದು ಸಲಹೆ ಕೊಟ್ಟವರಿದ್ದರು. ಮನಸ್ಸು ಒಪ್ಪದೆ, ಅವನಿಗೆ ಪಾಠ ಹೇಳಿದ್ದ ಹುಣಸೂರಿನ ಮೇಷ್ಟ್ರ ಮನೆಗೆ ಹೋದೆವು. ನಿವೃತ್ತರಾಗಿದ್ದ ಅವರು ಕೇಳಿದೊಡನೆ ಕೆರಳಿದರು.

'ಕಳೆಯದೇ ಇರೋದನ್ನ ಕಳೆದಿದೆ ಅಂತ ಯಾಕಪ್ಪಾ ಪ್ರಮಾಣ ಮಾಡ್ತೀಯ? ಓದಿದ್ದು ನೀನು, ಅದು ನಿನ್ನ ಸ್ವತ್ತು. ಹೋಗಿ ಕೇಳು.'

ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯನ್ನು ಅವರೇ ತೆಗೆದು ತೋರಿಸಿದರು. ಪ್ರವೇಶದ ವೇಳೆ ಮೂಲಪತ್ರಗಳನ್ನು ವಿದ್ಯಾರ್ಥಿಯ ಎದುರಿಗೇ ಪರಿಶೀಲಿಸಿ ಆಗಲೇ ಹಿಂತಿರುಗಿಸಬೇಕು, ನಕಲನ್ನು ಮಾತ್ರ ಇಟ್ಟುಕೊಳ್ಳಬೇಕು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಅಲ್ಲೇ ಮೇಜಿನ ಮೇಲೆ ಅರ್ಜಿ ಬರೆಸಿದರು. ಬೈಗುಳವಿಲ್ಲ, ಬೇಡಿಕೊಳ್ಳುವ ಮಾತೂ ಇಲ್ಲ. ಅಧಿಸೂಚನೆಯ ಪ್ರತಿ ಲಗತ್ತಿಸಿ, ಸ್ವೀಕೃತಿಗೆ ಸೀಲು ಹಾಕಿಸಿಕೊಂಡೇ ಬನ್ನಿ ಎಂದು ಕಳಿಸಿದರು.

ಕಾಲೇಜಿನವರು ಮೊದಲು ಸತಾಯಿಸಿದರು. ಯುಜಿಸಿಗೂ ವಿಶ್ವವಿದ್ಯಾನಿಲಯಕ್ಕೂ ಅರ್ಜಿಯ ಪ್ರತಿ ಹೋಗಿದೆ ಎಂದು ತಿಳಿದ ಮೇಲೆ ಒಂದು ದಿನ ಕರೆದು ಲಕೋಟೆಯನ್ನು ಕೈಗಿಟ್ಟರು. ಹುಡುಗ ಅಲ್ಲೇ ಮೆಟ್ಟಿಲ ಮೇಲೆ ಕೂತು ಒಂದೊಂದೇ ಹಾಳೆ ಎಣಿಸಿದ.

ಅಲ್ಲಿಗೆ ಮುಗಿಯಲಿಲ್ಲ. ಅವನ ಬಳಿ ಇದ್ದದ್ದು ತಾತ್ಕಾಲಿಕ ಪ್ರಮಾಣಪತ್ರ. ಘಟಿಕೋತ್ಸವದ ಪದವಿ ಪತ್ರವನ್ನು ತೆಗೆದುಕೊಂಡೇ ಇರಲಿಲ್ಲ. ನಮ್ಮ ಕಡೆಯ ಎಷ್ಟೋ ಮಕ್ಕಳು ಹೀಗೇ, ಅಂಕಪಟ್ಟಿ ಸಿಕ್ಕಿತಲ್ಲ ಎಂದು ಸುಮ್ಮನಾಗುತ್ತಾರೆ. ಪದವಿ ಪತ್ರಕ್ಕೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅರ್ಜಿ ಹಾಕಿದೆವು. ಅಷ್ಟರಲ್ಲಿ ಅಪ್ಪನ ಹೆಸರು ಎಸ್ಸೆಸ್ಸೆಲ್ಸಿಯಲ್ಲಿ ಒಂದು ಥರ, ಪಿಯುಸಿಯಲ್ಲಿ ಇನ್ನೊಂದು ಥರ ಇರುವುದು ಕಣ್ಣಿಗೆ ಬಿತ್ತು. ಕೆ.ಆರ್.ನಗರದಲ್ಲಿ ಹಾಸ್ಟೆಲ್‌ನಲ್ಲಿದ್ದು ಅವನು ಪಿಯುಸಿ ಓದಿದ್ದ ಕಾಲೇಜಿಗೆ ಹೋದರೆ, ಒಂದನೇ ತರಗತಿಯ ದಾಖಲಾತಿ ನೋಡಿಸಿಕೊಂಡು ಬನ್ನಿ ಎಂದರು. ಆ ಶಾಲೆ ಇದ್ದದ್ದು ಎಚ್.ಡಿ.ಕೋಟೆಯ ಅವನ ಅಜ್ಜಿ ಊರಲ್ಲಿ. ಹೆಡ್‌ಮೇಡಂ ಹಳೇ ರಿಜಿಸ್ಟರು ತೆಗೆದು, ದೂಳು ಒರೆಸಿ, ಹೆಸರಿನ ಸಾಲು ಹುಡುಕಿ, ಊಟದ ಹೊತ್ತು ಮೀರಿದರೂ ದೃಢೀಕರಣ ಪತ್ರ ಬರೆದುಕೊಟ್ಟರು. ಅದನ್ನು ಹಿಡಿದು ಹೋದ ಮೇಲೆಯೇ ಹೆಸರಿನ ತಿದ್ದುಪಡಿ ಆದದ್ದು.

ಇನ್ನು ಮುದ್ರೆಗಳ ಸರದಿ. ವಿದೇಶಕ್ಕೆ ಹೋಗುವ ಕಾಗದಗಳಿಗೆ ದೇಶಗಳ ನಡುವಿನ ಒಪ್ಪಂದದಂತೆ ಭಾರತದಲ್ಲಿ 2005ರಿಂದ ಅಪೊಸ್ಟಿಲ್ ಎಂಬ ಮುದ್ರೆಯ ಪದ್ಧತಿಯಿದೆ. ಆ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ರಾಜ್ಯದ ದೃಢೀಕರಣದ ಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ ಬಿದ್ದರೆ ಸಾಕು, ರಾಯಭಾರ ಕಚೇರಿಗೆ ಹೋಗಬೇಕಿಲ್ಲ. ಕತಾರ್ ಅದರಲ್ಲಿ ಇಲ್ಲ. ಹಾಗಾಗಿ ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯದ ಮುದ್ರೆ, ಕೊನೆಗೆ ದೆಹಲಿಯ ಕತಾರ್ ರಾಯಭಾರ ಕಚೇರಿಯ ಮುದ್ರೆ, ಹೀಗೆ ಒಂದರ ಹಿಂದೆ ಒಂದು ಬೀಳಬೇಕಾಯಿತು. ಹಿಂದಿನದು ಇಲ್ಲದೆ ಮುಂದಿನವರು ಮುಟ್ಟುವುದಿಲ್ಲ.

ಕಂಪನಿಯವರು ಪುಣ್ಯಕ್ಕೆ ಕಾದರು. ಹುಡುಗ ಹೋದ. ಮೊದಲ ಸಂಬಳದಲ್ಲಿ ಅಕ್ಕನ ಕೈಸಾಲ ತೀರಿತು.

ಅಂದಿನಿಂದ ಊರಲ್ಲಿ ಯಾವ ಮಗು ಕಾಲೇಜಿಗೆ ಸೇರಲು ಹೊರಟರೂ ಕರೆದು ಹೇಳುತ್ತೇನೆ: ಒರಿಜಿನಲ್ ತೋರಿಸು, ನೋಡಿದ ಮೇಲೆ ಅಲ್ಲೇ ವಾಪಸ್ ತಗೋ. ಇಟ್ಟುಕೊಳ್ಳುತ್ತೇವೆ ಅಂದರೆ ನನಗೆ ಫೋನ್ ಮಾಡು, ನಾನೇ ಬರುತ್ತೇನೆ.