ಹಾಲು ಕರೆಯೋರು ಯಾರು?

ನಮ್ಮ ಕಡೆ ಲಗ್ನಪತ್ರಿಕೆ ಕೊಡಲು ಬಂದವರು "ಮನೆಗೆ ಬೀಗ ಹಾಕ್ಕೊಂಡು ಎಲ್ಲಾರೂ ಬರಬೇಕು" ಎಂದು ಕರೆಯುತ್ತಾರೆ. ಹಸು ಕಟ್ಟಿದ ಮನೆಯಲ್ಲಿ ಈ ಮಾತಿಗೆ ಯಾರೂ ಎದುರಾಡುವುದಿಲ್ಲ, ಒಪ್ಪುವುದೂ ಇಲ್ಲ. ಅವ್ವ ಕೊಟ್ಟಿಗೆ ಕಡೆ ಒಮ್ಮೆ ನೋಡುತ್ತಾಳೆ. ಬಂದವರೂ ನೋಡುತ್ತಾರೆ. "ಹಂಗಾರೆ ಒಬ್ಬರನ್ನ ಬುಟ್ಟು ಮಿಕ್ಕೋರೆಲ್ಲ ಬನ್ನಿ" ಎಂದು ಕರೆ ಅಲ್ಲೇ ತಿದ್ದುಪಡಿಯಾಗುತ್ತದೆ. ಹತ್ತು ಹಸು ಇರುವವರಿಗೆ ಆಳು ಇರುತ್ತಾನೆ, ಕರೆಯುವ ಮೆಷಿನ್ನು ಇರುತ್ತದೆ. ಹಸುವೇ ಇಲ್ಲದವರು ಧರ್ಮಸ್ಥಳಕ್ಕೆ ಹೋಗಿ ಎರಡು ರಾತ್ರಿ ಉಳಿದೂ ಬರುತ್ತಾರೆ. ನಡುವೆ ಸಿಕ್ಕಿಕೊಂಡವರು ನಾವು, ಒಂದೇ ಹಸುವಿನವರು. ನಮ್ಮ ಗೌರಿಗೆ ಅವ್ವನ ಕೈ ಆಗುತ್ತದೆ, ಅತ್ತಿಗೆಯ ಕೈ ಆಗುತ್ತದೆ. ನಾನು ಹತ್ತಿರ ಕೂತರೆ ಹಾಲನ್ನು ಮೇಲಕ್ಕೆಳೆದುಕೊಂಡು ಸುಮ್ಮನೆ ಮೆಲುಕು ಹಾಕುತ್ತದೆ.

ನಮ್ಮ ಹುಣಸೂರಿನವರು ದನದ ವಿಷಯದಲ್ಲಿ ಹೊಸಬರೇನಲ್ಲ. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತ್ ಮಹಲ್ ಎಂದು ಹೆಸರಿಟ್ಟ. ಬ್ರಿಟಿಷರ ಕಾಲದಲ್ಲಿ ಆ ಇಲಾಖೆಯ ಠಾಣೆ ಹುಣಸೂರಿನಲ್ಲೇ ಇತ್ತು. ಬೆಣ್ಣೆ, ಅಮೃತ ಎಲ್ಲ ಹೆಸರಿನಲ್ಲಿ. ಹೆಸರುವಾಸಿಯಾದದ್ದು ಮಾತ್ರ ಫಿರಂಗಿ ಎಳೆಯುವ ಎತ್ತುಗಳಿಗೆ. ಆ ತಳಿಯ ಹಸುಗಳು ಕರು ಕುಡಿದು ಮಿಕ್ಕಿದ್ದನ್ನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅಜ್ಜಿಯ ಕಾಲದ ನಮ್ಮ ನಾಟಿ ಹಸುವೂ ಅದೇ ಸ್ವಭಾವದ್ದು. ಕೆರೆ ಅಂಗಳದಲ್ಲಿ ಮೇಯ್ದು ಬಂದು ಸೇರು ಹಾಲು ಕೊಡುತ್ತಿತ್ತು, ಯಾರೂ ಅದರ ಖರ್ಚು ಬರೆದಿಡಲಿಲ್ಲ. ಲೆಕ್ಕ ಶುರುವಾದದ್ದು ಕಪ್ಪು ಬಿಳುಪಿನ ಎಚ್.ಎಫ್. ಮನೆಗೆ ಬಂದ ಮೇಲೆ. ಮೈ ಉಳಿಸಿಕೊಳ್ಳಲು ಒಂದೆರಡು ಕೆ.ಜಿ. ಹಿಂಡಿ, ಬೂಸಾ, ಅದರ ಮೇಲೆ ಕರೆಯುವ ಲೀಟರಿಗೆ ಅರ್ಧ ಕೆ.ಜಿ.ಯ ಹತ್ತಿರ; ಹಸಿ ಮೇವು ದಿನಕ್ಕೆ 25 ಕೆ.ಜಿ.ಗೆ ಕಮ್ಮಿಯಿಲ್ಲ, ಬೇಸಿಗೆಯಲ್ಲಿ ಕುಡಿಯುವ ನೀರನ್ನು ಕೊಳಾಯಿ ಬರದ ದಿನ ಹೊತ್ತವರನ್ನೇ ಕೇಳಬೇಕು.

ಈ ಮೇವು ಎಲ್ಲಿಂದ ಬರಬೇಕು? ಹುಣಸೂರು, ಪಿರಿಯಾಪಟ್ಟಣದ ಕೆಂಪು ಹೊಲಗಳು ಮುಂಗಾರಿನಲ್ಲಿ ಹೊಗೆಸೊಪ್ಪಿಗೆ ಮೀಸಲು. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಕಟ್ಟಿದವನು ಪಿರಿಯಾಪಟ್ಟಣ ನೋಡಿರಲಿಲ್ಲ. ಕಣ್ಣು ಹಾಯುವವರೆಗೆ ಹಸಿರು, ದನ ಮೂಸಿ ನೋಡುವಂಥದ್ದು ಒಂದು ಎಲೆಯಿಲ್ಲ. ಸೊಪ್ಪು ಮುರಿಯುವ ಕಾಲಕ್ಕಂತೂ ಮನೆಮಂದಿಯೆಲ್ಲ ಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ. ಒಂದು ಸಲ ಏರಿಸಿದರೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಆರದಂತೆ ಸೌದೆ ಒಟ್ಟಬೇಕು. ಬ್ಯಾರನ್ನಿಗೂ ಹೊತ್ತು ಮೀರಬಾರದು, ಹಸುವಿಗೂ ಮೀರಬಾರದು. ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಹೊತ್ತು ಮೀರಿ ಉಣ್ಣುವವರು ಮನುಷ್ಯರು ಮಾತ್ರ. ಹೊಗೆಸೊಪ್ಪು ಎದ್ದ ಮೇಲೆ ಚೆಲ್ಲಿದ ರಾಗಿ ಕೈಹಿಡಿದರೆ ಒಂದು ಮೆದೆ ಹುಲ್ಲಾಗುತ್ತದೆ. ಹಿಂಗಾರು ಕೈಕೊಟ್ಟರೆ ಅಕ್ಕನಿಗೆ ಫೋನು.

ಅಕ್ಕನನ್ನು ಕೊಟ್ಟಿರುವುದು ಕೆ.ಆರ್. ನಗರದ ನಾಲೆ ಬಯಲಿಗೆ. ಭತ್ತದ ಸೀಮೆ, ಹುಲ್ಲಿಗೇನು ಬರ ಎಂದು ಹೊರಗಿನವರು ಅಂದುಕೊಳ್ಳಬಹುದು. ಕೈಯಲ್ಲಿ ಕೊಯ್ದು ಬಡಿದ ಹುಲ್ಲು ನೆಟ್ಟಗೆ, ಉದ್ದಕ್ಕೆ, ಪಿಂಡಿ ಕಟ್ಟಲು ಚೆಂದ. ಈಗ ಕೊಯ್ಯುವುದು ಮೆಷಿನ್ನು. ಅದು ಭತ್ತ ನುಂಗಿ ಹುಲ್ಲನ್ನು ಜಜ್ಜಿ ಗದ್ದೆಗೆ ಉಗಿಯುತ್ತದೆ. ಅದನ್ನು ಸುತ್ತಿ ಉರುಳೆ ಮಾಡಲು ಇನ್ನೊಂದು ಮೆಷಿನ್ನು, ಸಾಗಿಸಲು ಟ್ರ್ಯಾಕ್ಟರು. ಸಾಲದ್ದಕ್ಕೆ ಶುಂಠಿಯವರು ಬಂದಿದ್ದಾರೆ. ಹೊಲ ಗುತ್ತಿಗೆ ಹಿಡಿದು ಶುಂಠಿ ಹಾಕುವವರು ಮಡಿಯ ಮೇಲೆ ಹೊದಿಸಲು ಇದೇ ಹುಲ್ಲನ್ನು ಲೋಡುಗಟ್ಟಲೆ ಕೊಳ್ಳುತ್ತಾರೆ. ಹಸು ಅವರ ಜೊತೆ ಹರಾಜು ಕೂಗುವುದಕ್ಕಾಗುತ್ತದೆಯೇ? ಅಕ್ಕ ತವರಿನ ದಾಕ್ಷಿಣ್ಯಕ್ಕೆ ಹುಲ್ಲು ಕೊಡುತ್ತಾಳೆ, ಭಾವ ಟ್ರ್ಯಾಕ್ಟರ್ ಬಾಡಿಗೆ ನೆನಪಿಸುತ್ತಾರೆ.

ಬೆಳಿಗ್ಗೆ ಡೈರಿಯಲ್ಲಿ ಸಾಲು ನಿಲ್ಲುವುದು ಹೆಂಗಸರೇ ಹೆಚ್ಚು. ಫ್ಯಾಟು 3.5, ಎಸ್.ಎನ್.ಎಫ್. 8.5 ಬಂದರೆ ಮುಖ ಅರಳುತ್ತದೆ. ಮಳೆ ಬಿದ್ದು ಬದುವಿನಲ್ಲಿ ಎಳೆ ಹುಲ್ಲು ಎದ್ದಾಗ ಹಸುವಿಗೆ ಅದೇ ಬೇಕು, ಒಣಹುಲ್ಲಿಗೆ ಮೂತಿ ತಿರುವುತ್ತದೆ. ನಾರು ಕಮ್ಮಿಯಾದರೆ ಫ್ಯಾಟು ಇಳಿಯುತ್ತದೆ. ಆಗ ಮೆಷಿನ್ನು ತೋರಿಸುವ ಅಂಕಿಯನ್ನು ಅವ್ವ ತನ್ನ ನಡತೆಗೆ ಬಂದ ಮಾತು ಎಂಬಂತೆ ತೆಗೆದುಕೊಳ್ಳುತ್ತಾಳೆ. "ನೀರ್ ಹಾಕಿದೀನಿ ಅಂತ ತಿಳ್ಕಂಡಾರು ಕನಪ್ಪ!" ಸರ್ಕಾರದ ಐದು ರೂಪಾಯಿ ಪ್ರೋತ್ಸಾಹಧನ ಲೀಟರ್ ಲೆಕ್ಕದಲ್ಲಿ ಬೇರೆಯಾಗಿ ಖಾತೆಗೆ ಬೀಳುತ್ತದೆ. ಅದು ಅವ್ವನದು, ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಎಲ್ಲಕ್ಕಿಂತ ಕಷ್ಟ ಹಸುವನ್ನು ಮತ್ತೆ ಗಬ್ಬ ಮಾಡಿಸುವುದು. ಬೆದೆ ಬರುವುದು 21 ದಿನಕ್ಕೊಮ್ಮೆ, ನಿಲ್ಲುವುದು ಒಂದು ದಿನವೂ ಇಲ್ಲ. ಹಿಂಡಿನಲ್ಲಿದ್ದರೆ ಒಂದರ ಮೇಲೊಂದು ಹತ್ತಿ ಗೊತ್ತಾಗುತ್ತದೆ. ಒಂಟಿ ಹಸು ಯಾರ ಮೇಲೆ ಹತ್ತಬೇಕು? ಕೂಗಿದರೆ ಪುಣ್ಯ. ಬಿಸಿಲು ಕಾಲದಲ್ಲಿ ಈ ಸೀಮೆ ಹಸುಗಳು ಕೂಗುವುದೂ ಇಲ್ಲ, ಮೂಕಬೆದೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆ ಬೆಳಿಗ್ಗೆ ಸೂಜಿ ಹಾಕಿಸಬೇಕು. ಮೈನಸ್ 196 ಡಿಗ್ರಿಯ ಸಾರಜನಕದ ಕ್ಯಾನಿನಲ್ಲಿ ಹೋರಿಯ ವಂಶವನ್ನೆಲ್ಲ ಬೈಕಿಗೆ ಕಟ್ಟಿಕೊಂಡು ಬರುವ ಆ ಮನುಷ್ಯ ಅಷ್ಟರೊಳಗೆ ಸಿಗಬೇಕು. ತಪ್ಪಿತೋ, ಇನ್ನೊಂದು ಮೂರು ವಾರದ ಮೇವು ದಂಡ. ನಿಂತರೆ ಒಂಬತ್ತು ತಿಂಗಳು, ಅದರಲ್ಲಿ ಕಡೆಯ ಎರಡು ತಿಂಗಳು ಹಾಲು ಬಿಡಿಸಬೇಕು. ಆ ಎರಡು ತಿಂಗಳು ನಾವು ಅಂಗಡಿಯಿಂದ ನಂದಿನಿ ಪ್ಯಾಕೆಟ್ ತರುತ್ತೇವೆ. ಅವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಾಳೆ.

ಇಷ್ಟಾಗಿ ಈದದ್ದು ಗಂಡುಕರುವಾದರೆ? ಎಚ್.ಎಫ್. ಗಂಡಿಗೆ ಹಳ್ಳಿಕಾರಿನ ಡುಬ್ಬವಿಲ್ಲ, ನೊಗ ನಿಲ್ಲುವುದಿಲ್ಲ. ಸಂಕ್ರಾಂತಿ ಹೊತ್ತಿಗೆ ನಡೆಯುವ ಚುಂಚನಕಟ್ಟೆ ಜಾತ್ರೆಗೆ ಹೊಡೆದುಕೊಂಡು ಹೋದರೆ ನಕ್ಕು ಕಳಿಸುತ್ತಾರೆ. ಉಳುವುದಕ್ಕೆ ಹೇಗೂ ಟ್ರ್ಯಾಕ್ಟರಿದೆ. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ವ್ಯಾಪಾರಿಗಳು ಕೊಟ್ಟಿಗೆಯೊಳಗೆ ಇಣುಕುವುದೂ ಕಮ್ಮಿಯಾಗಿದೆ. ಕಾಯ್ದೆಯ ಪರ ವಿರೋಧ ಮಾತಾಡಿದವರಲ್ಲಿ ಆ ಕರುವಿಗೆ ದಿನಾ ಹುಲ್ಲು ಹಾಕಿದವರನ್ನು ನಾನು ಹೆಚ್ಚು ಕಂಡಿಲ್ಲ.

ಎಚ್.ಡಿ. ಕೋಟೆಯ ಅಂತರಸಂತೆ ಕಡೆಯ ನೆಂಟರ ಮುಂದೆ ನಮ್ಮ ಗೋಳು ಹೇಳಿಕೊಳ್ಳುವಂತಿಲ್ಲ. ಅಲ್ಲಿ ಕೊಟ್ಟಿಗೆಯ ಹಿಂದೆಯೇ ನಾಗರಹೊಳೆ ಕಾಡು. ಹುಲಿ ಹಸು ಹಿಡಿದರೆ ಅರಣ್ಯ ಇಲಾಖೆಯವರು ಬಂದು ನೋಡುವ ತನಕ ಹೆಣ ಕದಲಿಸುವ ಹಾಗಿಲ್ಲ. ಫೋಟೊ, ಪಶುವೈದ್ಯರ ಸರ್ಟಿಫಿಕೇಟು ಆದ ಮೇಲೆ ಪರಿಹಾರ. ಸತ್ತ ಹಸುವಿಗೆ ಬೆಲೆ ಕಟ್ಟುತ್ತಾರೆ. ಆ ಕರಾವಿನಲ್ಲಿ ಇನ್ನೂ ಕರೆಯಬೇಕಿದ್ದ ಹಾಲಿಗೆ ಯಾರು ಕಟ್ಟುತ್ತಾರೆ ಎಂದು ಆ ಮನೆಯ ಚಿಕ್ಕಮ್ಮ ಕೇಳುತ್ತಾರೆ.

ಹಾಗಾದರೆ ಯಾಕೆ ಕಟ್ಟಬೇಕು? ಪಟ್ಟಣದ ತಮ್ಮ ಒಮ್ಮೆ ಮೊಬೈಲಿನಲ್ಲಿ ಕೂಡಿ ಕಳೆದು, ಹಾಲಿನಲ್ಲಿ ಗಿಟ್ಟುವುದಿಲ್ಲ ಎಂದು ತೋರಿಸಿದ. ಅವ್ವ ತಿಪ್ಪೆ ತೋರಿಸಿದಳು. ಅದೇ ಶುಂಠಿಯವರು, ಅದೇ ಹೊಗೆಸೊಪ್ಪಿನವರು ಒಂದು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರಕ್ಕೆ ಮುಂಗಡ ಕೊಟ್ಟು ಹೋಗುತ್ತಾರೆ. ನನ್ನ ತೀರ್ಮಾನವೂ ಅದೇ: ನಾವು ಸಾಕಿರುವುದು ಸಗಣಿಯ ಹಸುವನ್ನು, ಹಾಲು ಅದರ ಉಪಕಸುಬು.

ಈ ಸಲ ಗೌರಿ ಬತ್ತುವ ಮೊದಲೇ ಅವ್ವ ಹೊಸ ಮಾತು ತೆಗೆದಿದ್ದಾಳೆ. ಒಂದಕ್ಕೂ ಮನೇಲಿರಬೇಕು, ಎರಡಕ್ಕೂ ಮನೇಲಿರಬೇಕು. ಒಂದು ಬತ್ತಿದಾಗ ಇನ್ನೊಂದು ಕರೆಯುತ್ತದೆ, ಪ್ಯಾಕೆಟ್ಟಿನ ಮಾನಗೇಡು ತಪ್ಪುತ್ತದೆ. ಇನ್ನೂ ಸಾಲದ ಅರ್ಜಿ ತುಂಬಿಲ್ಲ, ಯಾವ ಹಸುವನ್ನೂ ನೋಡಿಲ್ಲ, ಅಣ್ಣ ಹೂಂ ಅಂದಿಲ್ಲ. ಗೌರಿಯ ಪಕ್ಕದಲ್ಲಿ ಇನ್ನೊಂದು ಗೂಟವನ್ನು ಮಾತ್ರ ಹೊಡೆಸಿಯಾಗಿದೆ.