ಏಳು ಕಡವುಗಳ ದಾರಿ

ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರು. ಸ್ವಂತ ಕಾರು ಉಳ್ಳವರು ಬೆಳಗಿನ ಉಪಾಹಾರವನ್ನು ಅಲ್ಲಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರುತ್ತಾರೆ. ರೈಲಿನಲ್ಲಿ ಹೋಗುವವರಿಗಂತೂ ಒಂದು ಕಾದಂಬರಿಯ ಅರ್ಧ ಓದುವಷ್ಟರಲ್ಲಿ ಊರು ಬಂದಿರುತ್ತದೆ. ಇಷ್ಟು ದಾರಿಗೆ ಮೈಸೂರಿನ ದಂಪತಿಗಳಿಬ್ಬರು 2025ರ ಮಾರ್ಚಿ ತಿಂಗಳಲ್ಲಿ ಎಂಟು ದಿನಗಳನ್ನು ವ್ಯಯಮಾಡಿದರೆಂದರೆ ಕೇಳಿದವರಿಗೆ ನಗು ಬರುವುದು ಸಹಜ. ಅವರು ಹೋದದ್ದು ಬಸ್ಸಿನಲ್ಲಿ. ಅದೂ ಊರೂರಿಗೆ ನಿಲ್ಲುವ ಬಸ್ಸಿನಲ್ಲಿ.

ಯಜಮಾನರು ಲೆಕ್ಕಪತ್ರದ ಕೆಲಸದಿಂದ ನಿವೃತ್ತರಾದವರು. ಹೊರಡುವ ಹೊತ್ತು, ತಲುಪುವ ಹೊತ್ತು, ಟಿಕೆಟ್ಟಿನ ಹಣ ಎಲ್ಲವನ್ನೂ ಒಂದು ಕಿರುಪುಸ್ತಕದಲ್ಲಿ ಬರೆದಿಡದಿದ್ದರೆ ಅವರಿಗೆ ಊಟ ರುಚಿಸದು. ದೂರದೇಶದಲ್ಲಿರುವ ಮಗಳು ಕಾರು ಗೊತ್ತುಮಾಡಿಕೊಡುವುದಾಗಿ ಹೇಳಿದಾಗ ಅವರು ಒಪ್ಪಿಯೂ ಇದ್ದರು. ಒಪ್ಪದವರು ಗೃಹಿಣಿ. “ಬಸ್ಸಿನ ಮೆಟ್ಟಿಲು ಹತ್ತಲು ಮೊಣಕಾಲು ಈ ವರ್ಷ ಕೇಳುತ್ತದೆ. ಮುಂದಿನ ವರ್ಷದ್ದು ಯಾರಿಗೆ ಗೊತ್ತು? ಹೊಳೆ ಬಂದಲ್ಲೆಲ್ಲ ಇಳಿಯೋಣ ಅಂದ್ರೆ” ಎಂದು ಆಕೆ ಪಟ್ಟುಹಿಡಿದರು.

ಹೊಳೆಗಳ ಹಂಬಲಕ್ಕೆ ಕಾರಣವಿತ್ತು. ಆಕೆಯ ತಾಯಿ ಕುಮಟೆಯ ಸೀಮೆಯವರು. ಮಂಗಳೂರಿಗೆ ಸೊಸೆಯಾಗಿ ಬಂದದ್ದು 1950ರ ಸುಮಾರಿಗೆ. ಕರಾವಳಿಯ ಹೆದ್ದಾರಿಗೆ ಆಗಿನ್ನೂ ಇಂದಿನಂತೆ ಸೇತುವೆಗಳಿರಲಿಲ್ಲ. ಹೊಳೆಯ ದಂಡೆಯವರೆಗೆ ಮೋಟಾರು, ಅಲ್ಲಿಂದ ದೋಣಿ, ಆಚೆಯ ದಂಡೆಯಲ್ಲಿ ಕಾದಿರುವ ಬೇರೊಂದು ಮೋಟಾರು. ಕೆಲವೆಡೆ ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲಿನ ಮೇಲೆ ವಾಹನವನ್ನೂ ಸಾಗಿಸುತ್ತಿದ್ದರು. ಹೀಗೆ ದಾಟುವ ಎಡೆಯನ್ನು ದಕ್ಷಿಣದವರು ಕಡವು ಎಂದರೆ, ಉತ್ತರದವರು ತಾರಿ ಎನ್ನುತ್ತಾರೆ. ಆ ತಾಯಿ ಸಂಜೆಯ ಹೊತ್ತು ಮಕ್ಕಳನ್ನು ಕೂರಿಸಿಕೊಂಡು, ತವರಿಗೂ ತನಗೂ ನಡುವೆ ಏಳು ಕಡವುಗಳಿವೆಯೆಂದು ಬೆರಳು ಮಡಿಚಿ ಎಣಿಸುತ್ತಿದ್ದರಂತೆ. ಮಳೆಗಾಲದಲ್ಲಿ ತವರಿನ ಸುದ್ದಿಯೇ ಇಲ್ಲ. ಸಾವಿನ ಸುದ್ದಿಯೊಂದು ಹದಿನೈದು ದಿನ ತಡೆದು ಬಂದದ್ದೂ ಉಂಟು. ಆ ಏಳನ್ನು ತಿರುಗುಮುರುಗಾಗಿ ಎಣಿಸಬೇಕೆಂಬುದು ಮಗಳ ಆಸೆ.

ಈ ಕರಾವಳಿಯ ಸ್ವರೂಪವೇ ಹೊಳೆಗಳಿಂದಾದದ್ದು. ಘಟ್ಟ ಇಲ್ಲಿ ಸಮುದ್ರಕ್ಕೆ ತೀರ ಹತ್ತಿರ. ಆದ್ದರಿಂದ ಹೊಳೆಗಳು ಗಿಡ್ಡ, ಆದರೆ ಮಳೆಗಾಲದಲ್ಲಿ ಅವುಗಳ ರಭಸ ಹೇಳತೀರದು. ಬಯಲಿಗೆ ಇಳಿದೊಡನೆ ಉಪ್ಪುನೀರಿನ ಭರತ ಎದುರಾಗಿ, ಹರಿವು ಅಗಲವಾಗಿ ಹರಡಿಕೊಂಡು ಅಳಿವೆಯಾಗುತ್ತದೆ. ಬಾರ್ಕೂರು, ಬಸ್ರೂರು, ಹೊನ್ನಾವರ, ಮಿರ್ಜಾನು ಎಂಬ ಹಳೆಯ ಬಂದರುಗಳೆಲ್ಲ ಇಂಥ ಹೊಳೆಗಳನ್ನೇ ನಂಬಿ ಬೆಳೆದವು. ಕಡಲಿನಿಂದ ಬರುವವನಿಗೆ ಬಾಗಿಲಾದ ಅಳಿವೆಯೇ ನೆಲದ ಮೇಲೆ ನಡೆಯುವವನಿಗೆ ಅಡ್ಡಗೋಡೆಯಾಗಿತ್ತು.

ಮಂಗಳೂರಿನಲ್ಲಿ ಒಂದೇ ದಿನ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟ ಊರು. ಬರೆಯಹೊರಟರೆ ಅದೇ ಒಂದು ಲೇಖನವಾದೀತು. ಉಡುಪಿಯ ಕಡೆಗೆ ಹತ್ತಿದ್ದು ಖಾಸಗಿ ಬಸ್ಸು. ಅದರ ಓಟವನ್ನು ಕಂಡವರೇ ಬಲ್ಲರು! ಕಂಡಕ್ಟರನು ಬಾಗಿಲಿಗೆ ತಟ್ಟಿ ಸಿಳ್ಳೆ ಹಾಕುವಷ್ಟರಲ್ಲಿ ಕೂಳೂರಿನ ಗುರುಪುರ ಹೊಳೆ ಹಿಂದಾಯಿತು. ಮೂಲ್ಕಿಯ ಶಾಂಭವಿಯ ಮೇಲೆ ಗೃಹಿಣಿ ಕಿಟಕಿಯತ್ತ ತಿರುಗುವಷ್ಟರಲ್ಲಿ ತೆಂಗಿನ ತೋಟ ಬಂದಿತ್ತು. ತಾಯಿಗೆ ಒಂದು ಗಂಟೆ ಹಿಡಿದಿದ್ದ ನೀರು ಮಗಳಿಗೆ ಒಂದು ನಿಮಿಷವೂ ದೊರೆಯಲಿಲ್ಲ. ಉಡುಪಿಯಲ್ಲಿ ಕೃಷ್ಣದರ್ಶನವಾಯಿತು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಿಬಂದರು. ಲಾವಾರಸ ತಣಿದು ಬಿರಿದು, ಕಂಬಗಳಂತೆ ಒತ್ತೊತ್ತಾಗಿ ನಿಂತ ಆ ಕಲ್ಲುಗಳ ವಯಸ್ಸು ಎಂಟು ಕೋಟಿ ವರ್ಷಗಳಿಗೂ ಹೆಚ್ಚು. ಮರುದಿನ ಕಲ್ಯಾಣಪುರದ ಬಳಿ ಸ್ವರ್ಣೆಯನ್ನೂ ಮಾಬುಕಳದಲ್ಲಿ ಸೀತೆಯನ್ನೂ ದಾಟುವಾಗ ಯಜಮಾನರು ಗಾಢನಿದ್ರೆಯಲ್ಲಿದ್ದರು. ಎಚ್ಚರವಾದ ಮೇಲೆ ನೆರೆಯ ಪ್ರಯಾಣಿಕರನ್ನು ಕೇಳಿ ಎರಡನ್ನೂ ಪುಸ್ತಕಕ್ಕೆ ಸೇರಿಸಿಕೊಂಡರು.

ಕುಂದಾಪುರದಲ್ಲಿ ನೀರು ಕೊನೆಗೂ ನಿಧಾನವಾಯಿತು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿ. ಇದರಲ್ಲಿ ಸೌಪರ್ಣಿಕೆಯ ಚಮತ್ಕಾರವನ್ನು ನೋಡಬೇಕಾದರೆ ಮರವಂತೆಯಲ್ಲಿ ಇಳಿಯಬೇಕು. ಕಡಲನ್ನು ಸೇರಲೆಂದು ಬಂದ ಹೊಳೆ ಕಡಲಿನಿಂದ ಕೆಲವೇ ಮಾರು ದೂರದಲ್ಲಿ ಮನಸ್ಸು ಬದಲಿಸಿದಂತೆ ತಿರುಗಿ ದಕ್ಷಿಣಕ್ಕೆ ಹೊರಟುಬಿಡುತ್ತದೆ. ನಡುವೆ ಉಳಿದ ಕಿರಿದಾದ ನೆಲದ ಮೇಲೆಯೇ ಹೆದ್ದಾರಿ. ಎಡಕ್ಕೆ ಅಲೆಗಳ ಅಬ್ಬರ, ಬಲಕ್ಕೆ ಸದ್ದಿಲ್ಲದ ಸಿಹಿನೀರು. ಬಸ್ಸಿನವರು ಈ ನೋಟವನ್ನು ಎರಡು ನಿಮಿಷದಲ್ಲಿ ತೋರಿಸಿ ಮುಗಿಸುತ್ತಾರೆ. ದಂಪತಿಗಳು ಇಳಿದು ರಸ್ತೆಯ ಅಂಚಿನಲ್ಲೇ ಒಂದು ಗಂಟೆ ನಡೆದರು.

ಬೈಂದೂರಿನಾಚೆ ಶಿರೂರು. ಈಗ ಅದು ಎರಡು ಜಿಲ್ಲೆಗಳ ಗಡಿ ಮಾತ್ರ. ಆದರೆ 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದಂದಿನಿಂದ 1956ರ ಏಕೀಕರಣದವರೆಗೆ ಈ ಆಸುಪಾಸಿನಲ್ಲೇ ಮುಂಬಯಿ ಮುಗಿದು ಮದರಾಸು ಮೊದಲಾಗುತ್ತಿತ್ತು. ಕನ್ನಡದ ಹೆಣ್ಣು ಕನ್ನಡದ ಮನೆಗೇ ಸೊಸೆಯಾಗಿ ಹೋಗುವಾಗ ಪರಪ್ರಾಂತಕ್ಕೆ ಹೋದಂತಾಗುತ್ತಿದ್ದುದು ಹೀಗೆ.

ಇಲ್ಲಿಂದ ಮುಂದೆ ಅವರು ಹತ್ತಿದ್ದೆಲ್ಲ ಸರಕಾರಿ ಬಸ್ಸು. 2023ರ ಜೂನಿನಿಂದ ರಾಜ್ಯದ ಮಹಿಳೆಯರಿಗೆ ಇವುಗಳಲ್ಲಿ ಪ್ರಯಾಣ ಉಚಿತವಷ್ಟೆ. ಯಜಮಾನರು ಚಿಲ್ಲರೆಗಾಗಿ ಜೇಬು ತಡಕುತ್ತಿರುವಾಗ ಗೃಹಿಣಿ ಗುರುತಿನ ಚೀಟಿ ತೋರಿಸಿ ಸೊನ್ನೆಯ ಟಿಕೆಟ್ಟನ್ನು ಗಂಭೀರವಾಗಿ ಪಡೆಯುವರು. ಕಿರುಪುಸ್ತಕದಲ್ಲಿ ಆಕೆಯ ಹೆಸರಿನ ಕಾಲಂ ಖಾಲಿಯಾಗಿಯೇ ಉಳಿಯಿತು. ಬಸ್ಸಿನ ತುಂಬ ಹೆಂಗಸರು: ಬುಟ್ಟಿ ಹಿಡಿದ ಮೀನುಗಾರ್ತಿಯರು, ಆಸ್ಪತ್ರೆಗೆ ಹೊರಟ ಅಜ್ಜಿಯರು, ತವರಿಗೆ ಹೊರಟ ಬಾಣಂತಿಯೊಬ್ಬಳು. ತವರು ಎಷ್ಟು ದೂರವೆಂದು ಕೇಳಿದ್ದಕ್ಕೆ ಆಕೆ “ಮುಕ್ಕಾಲು ಗಂಟೆ ಅಮ್ಮಾ, ವಾರಕ್ಕೊಮ್ಮೆ ಹೋಗಿಬರ್ತೆ” ಎಂದಳು. ಗೃಹಿಣಿ ಬಹಳ ಹೊತ್ತು ಮಾತನಾಡಲಿಲ್ಲ. ಸೇತುವೆ ಬಂದದ್ದರಿಂದ ಹೊಳೆಯ ಸೊಬಗು ಹೋಯಿತೆಂದು ಮರುಗುವುದು ನಗರವಾಸಿಗಳಿಗೆ ಸುಲಭ. ದಂಡೆಯಲ್ಲಿ ಕಾದವರು ಹಾಗೆ ಮರುಗಲಾರರು.

ಭಟ್ಕಳದ ಬಳಿ ವೆಂಕಟಾಪುರ ಹೊಳೆ ದಾಟಿ ಮುರ್ಡೇಶ್ವರ. ಅಲ್ಲಿನ ಶಿವನ ಮೂರ್ತಿ 123 ಅಡಿ ಎತ್ತರ. ಅಳತೆ ಪುಸ್ತಕಕ್ಕೆ ಸೇರಿತು. ಅದಕ್ಕಿಂತ ಅದರ ಹಿಂದೆ ಮುಳುಗಿದ ಸೂರ್ಯನೇ ಹೆಚ್ಚು ನೆನಪಿನಲ್ಲಿ ಉಳಿಯುವಂತಿದ್ದನು.

ಹೊನ್ನಾವರದಲ್ಲಿ ಶರಾವತಿ. ಇದನ್ನು ನೋಡದೆ ಹೊಳೆಯ ಅಗಲವೆಂದರೇನೆಂದು ಹೇಳಬಾರದು. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲುಮಾರ್ಗದ ಸೇತುವೆಗಳಲ್ಲೆಲ್ಲ ಉದ್ದವಾದದ್ದು ಇಲ್ಲಿಯದು, ಎರಡು ಕಿಲೋಮೀಟರಿಗೂ ಮಿಗಿಲು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನು ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ 13, ಗಂಡುಮಕ್ಕಳಿಗಾಗಿ 23 ಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಮೇಲಿನ ಗೇರುಸೊಪ್ಪೆಯಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಆ ಮೆಣಸೆಲ್ಲ ಇಳಿದು ಬಂದದ್ದು ಇದೇ ನೀರಿನ ಮೇಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹರಿವು ವಿದ್ಯುತ್ತಿನ ಅಗತ್ಯಕ್ಕೆ ತಕ್ಕಂತೆ ನಡೆಯತೊಡಗಿತು. ನಾಡಿಗೆ ಬೆಳಕು ಕೊಟ್ಟ ಹೊಳೆಯಿದು. ತನ್ನಿಚ್ಛೆಯಂತೆ ಹರಿಯುವ ಸ್ವಾತಂತ್ರ್ಯವನ್ನು ಅದಕ್ಕೆ ಬೆಲೆಯಾಗಿ ತೆತ್ತಿತು.

ಆ ಬೆಲೆ ತೆರದ ಹೊಳೆ ಮುಂದಿನದು. ಶಿರಸಿಯ ಕಡೆ ಹುಟ್ಟುವ ಅಘನಾಶಿನಿ ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ಹೊಳೆ. ಕುಮಟೆಯಲ್ಲಿ ರಸ್ತೆಯ ಬದಿಗೆ ಜಡೆ ಹೆಣೆದಂತೆ ಕಟ್ಟಿ ತೂಗುಹಾಕಿದ ಸಿಹಿ ಈರುಳ್ಳಿಯ ಗೊಂಚಲೊಂದನ್ನು ಗೃಹಿಣಿ ಕೊಂಡರು (ಅದು ಮುಂದೆ ಕಾರವಾರದವರೆಗೂ ಯಜಮಾನರ ತೊಡೆಯ ಮೇಲೆಯೇ ಪ್ರಯಾಣ ಮಾಡಿತು). ಹೆದ್ದಾರಿಯ ಬಸ್ಸನ್ನು ಬಿಟ್ಟು, ಹೊಳೆಯ ಹೆಸರನ್ನೇ ಹೊತ್ತ ಅಘನಾಶಿನಿ ಎಂಬ ಹಳ್ಳಿಗೆ ಹೋದರು. ಅಲ್ಲಿಂದ ಎದುರಿನ ತದಡಿಗೆ ಇಂದಿಗೂ ದೋಣಿಯಲ್ಲಿಯೇ ದಾಟುತ್ತಾರೆ. ಇಡೀ ದಾರಿಯಲ್ಲಿ ತಾಯಿ ದಾಟಿದಂತೆ ಮಗಳಿಗೂ ದಾಟಲು ದೊರೆತದ್ದು ಇದೊಂದೇ ಹೊಳೆ.

ನೀರು ಇಳಿಯುವ ಹೊತ್ತು. ದೋಣಿಯಲ್ಲಿ ಹತ್ತಾರು ಜನ, ಎರಡು ಬೈಸಿಕಲ್ಲು, ಒಂದು ಹೊರೆ ಬಾಳೆಎಲೆ. ದೂರದ ಮರಳುದಿಬ್ಬದ ಮೇಲೆ ಸೊಂಟದವರೆಗೆ ನೀರಿನಲ್ಲಿ ನಿಂತ ಹೆಂಗಸರು ಬಳಚು ಎಂಬ ಚಿಪ್ಪುಮೀನನ್ನು ಹೆಕ್ಕುತ್ತಿದ್ದರು. ಸಿಹಿನೀರೂ ಉಪ್ಪುನೀರೂ ಹದವಾಗಿ ಬೆರೆಯುವಲ್ಲಿ ಮಾತ್ರ ಇದು ಹುಲುಸಾಗಿ ಬೆಳೆಯುವುದು. ಮೇಲೆ ನೀರನ್ನು ತಡೆದರೆ ಕೆಳಗೆ ಈ ಹೆಂಗಸರ ಬುಟ್ಟಿ ಬರಿದಾಗುತ್ತದೆ. ದಂಡೆಯುದ್ದಕ್ಕೂ ಗಜನಿ ಗದ್ದೆಗಳು. ಉಪ್ಪುನೀರು ನುಗ್ಗಿದರೂ ಜಗ್ಗದೆ ನಿಲ್ಲುವ ಕಗ್ಗ ಎಂಬ ಭತ್ತ ಇಲ್ಲಿನದು. ಸಿಗಡಿ ಸಾಕಣೆಯ ಲಾಭ ಕಂಡ ಮೇಲೆ ಅದನ್ನು ಬಿತ್ತುವವರು ಕಡಿಮೆಯಾಗಿದ್ದಾರೆ. ಆಚೆ ಸಾಣಿಕಟ್ಟೆಯ ಉಪ್ಪಿನಾಗರಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು. ಈ ಅಳಿವೆಯನ್ನು 2024ರಲ್ಲಿ ರಾಮ್‌ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿಸಲಾಯಿತು.

ಗೃಹಿಣಿ ಅಂಗೈಯನ್ನು ನೀರಿಗಿಳಿಬಿಟ್ಟು ಕುಳಿತಿದ್ದರು. ದೋಣಿಯವನು ಎರಡು ಬಾರಿ “ಅಮ್ಮಾ, ಕೈ ಒಳಗೆ ತಕಣಿ” ಎಂದನು. ಯಜಮಾನರು ಪುಸ್ತಕ ತೆರೆದು ಉದ್ಯಾವರದ ಹೊಳೆಯನ್ನೂ ಸೇರಿಸಿ ಲೆಕ್ಕ ಒಪ್ಪಿಸಿದರು: ಶರಾವತಿಯವರೆಗೆ ಎಂಟು. “ನಿಮ್ಮಮ್ಮ ಏಳು ಅಂದಿದ್ದರಲ್ಲೇ?” ಒಂದಕ್ಕೆ ಆಗಲೇ ಸೇತುವೆ ಬಂದಿದ್ದಿರಬಹುದು. ಇಲ್ಲವೆ, ನವವಧುವೂ ಅಳಿಯನಂತೆ ಯಾವುದೋ ಹೊಳೆಯಲ್ಲಿ ನಿದ್ದೆಹೋಗಿದ್ದಿರಬಹುದು.

ಗೋಕರ್ಣದಲ್ಲಿ ಶಿವರಾತ್ರಿಯ ಜನಸಂದಣಿ ಕರಗಿ ಬೀದಿಗಳು ಬಿಡುವಾಗಿದ್ದವು. ಎರಡು ರಾತ್ರಿ ತಂಗಿ ಅಂಕೋಲೆಯ ಬಸ್ಸು ಹಿಡಿದರು. ಹೆದ್ದಾರಿಯಲ್ಲಿ ಗಂಗಾವಳಿ ಹೊಳೆ ಕಣ್ಣಿಗೆ ಬಿದ್ದೊಡನೆ ಬಸ್ಸಿನೊಳಗಿನ ಮಾತು ತಾನಾಗಿಯೇ ತಗ್ಗಿತು. ಇದು ಇನ್ನೊಂದು ಶಿರೂರು. ಹೆಸರು ಮಾತ್ರ ಮೊದಲಿನದೇ. 2024ರ ಜುಲೈ 16ರ ಬೆಳಿಗ್ಗೆ ಇಲ್ಲಿನ ಗುಡ್ಡ ಜಾರಿ ರಸ್ತೆಯನ್ನು ಮುಚ್ಚಿ ಹೊಳೆಗೆ ಇಳಿಯಿತು. ರಸ್ತೆಯ ಬದಿಯ ಚಹದ ಅಂಗಡಿ ಅದನ್ನು ನಡೆಸುತ್ತಿದ್ದ ಕುಟುಂಬದೊಡನೆ ಕೊಚ್ಚಿಹೋಯಿತು. ಮಣ್ಣು ಬಿದ್ದ ರಭಸಕ್ಕೆ ಉಕ್ಕಿದ ನೀರು ಎದುರು ದಂಡೆಯ ಉಳುವರೆಯ ಮನೆಗಳಿಗೂ ನುಗ್ಗಿತು. ಮರದ ದಿಮ್ಮಿ ಹೊತ್ತು ಕೇರಳಕ್ಕೆ ಹೊರಟಿದ್ದ ಲಾರಿಯೂ ಅದರ ಚಾಲಕನ ದೇಹವೂ ಹೊಳೆಯ ತಳದಿಂದ ಸಿಕ್ಕಿದ್ದು ಸೆಪ್ಟೆಂಬರ್ 25ರಂದು.

ಬಂಡೆಯ ಮೇಲೆ ಮಣ್ಣು ಹೊದ್ದು ನಿಂತ ಗುಡ್ಡಗಳಿಗೆ ಅವುಗಳ ಬುಡವೇ ಆಧಾರ. ರಸ್ತೆಯ ಅಗಲಕ್ಕಾಗಿ ಆ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ, ಮಳೆ ಕುಡಿದು ಭಾರವಾದ ಮಣ್ಣನ್ನು ತಡೆಹಿಡಿಯುವುದೇನೂ ಉಳಿಯದು. ಹಳೆಯ ದಾರಿ ಗುಡ್ಡವನ್ನು ಸುತ್ತಿ ಹೋಗುತ್ತಿತ್ತು. ಹೊಸದಕ್ಕೆ ಅಷ್ಟು ತಾಳ್ಮೆಯಿಲ್ಲ. ಇದೇ ದಾರಿಯ ಬೇರೆ ಕಡೆಗಳಲ್ಲಿಯೂ ಕಡಿದ ಕೆಂಪು ಗೋಡೆಗಳನ್ನು ಕಾರಿನಲ್ಲಿ ಹೋಗುವವರು ಗಮನಿಸಲಾರರು. ನಿಂತು ನಿಂತು ಹೋಗುವ ಬಸ್ಸಿನ ಕಿಟಕಿಗೆ ಅವು ಒಂದೊಂದಾಗಿ ಕಾಣುತ್ತವೆ. ಮುಂದಿನ ಸಾಲಿನ ಮುದುಕರೊಬ್ಬರು ಚಪ್ಪಲಿ ಕಳಚಿ, ಹೊಳೆಯ ಕಡೆ ತಿರುಗಿ ಕೈಮುಗಿದರು. ಯಜಮಾನರು ಪುಸ್ತಕದಲ್ಲಿ ಏನನ್ನೂ ಬರೆಯಲಿಲ್ಲ.

ಅಂಕೋಲೆ 1930ರ ಉಪ್ಪಿನ ಸತ್ಯಾಗ್ರಹದ ಊರು. ಹಾಲಕ್ಕಿ ಒಕ್ಕಲಿಗರ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟಿದ್ದ ಸುಕ್ರಿ ಬೊಮ್ಮಗೌಡರು ಆ ಫೆಬ್ರವರಿಯಲ್ಲಷ್ಟೆ ತೀರಿಕೊಂಡಿದ್ದರು. ಪೇಟೆಯಲ್ಲಿ ಮಣಿಸರಗಳಿಂದ ಕೊರಳು ತುಂಬಿಕೊಂಡ ಹಾಲಕ್ಕಿ ಹೆಂಗಸರು ತರಕಾರಿ ಮಾರುತ್ತ ಕುಳಿತಿದ್ದರು.

ಕೊನೆಯದು ಕಾರವಾರದ ಕಾಳಿ. 1880ರ ದಶಕದ ಆರಂಭದಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, ತರುಣ ರವೀಂದ್ರರು ಬೆಳುದಿಂಗಳಿನಲ್ಲಿ ಈ ಹೊಳೆಯ ಮೇಲೆ ದೋಣಿವಿಹಾರ ಮಾಡಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಹೊಳೆಗೆ ಎರಡು ಸೇತುವೆಗಳಿದ್ದವು. ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕುಸಿದುಬಿತ್ತು. ಲಾರಿಯೊಂದು ನೀರಿಗೆ ಬಿದ್ದರೂ ಅದರ ಚಾಲಕನು ಬದುಕಿ ಉಳಿದನು. ದಂಪತಿಗಳು ಹೋದಾಗ ಹೋಗುವ ಬರುವ ವಾಹನಗಳೆಲ್ಲ ಉಳಿದ ಒಂದೇ ಸೇತುವೆಯ ಮೇಲಿದ್ದವು. ಹೀಗಾಗಿ ಸದಾಶಿವಗಡದ ಬಸ್ಸು ನಡುನೀರಿನ ಮೇಲೆ ಬಂದು ಮೆಲ್ಲಗಾಯಿತು.

ಈ ಹೊಳೆ ತಾಯಿಯ ಲೆಕ್ಕದಲ್ಲಿರಲಿಲ್ಲ. ಅದು ತವರಿಗೂ ಉತ್ತರಕ್ಕಿತ್ತು, ಆಕೆ ಇದನ್ನು ಎಂದೂ ನೋಡಿದವರಲ್ಲ. ಗೃಹಿಣಿ ಕಿಟಕಿಯ ಗಾಜನ್ನು ಪೂರ್ತಿ ಸರಿಸಿದರು. ಕಡಲ ಕಡೆಯಿಂದ ಮೀನಿನ ದೋಣಿಗಳು ಸಾಲಾಗಿ ಒಳಬರುತ್ತಿದ್ದವು. ಯಜಮಾನರು ಈರುಳ್ಳಿಯ ಗೊಂಚಲನ್ನು ಪಕ್ಕಕ್ಕೆ ಸರಿಸಿ, ಪೆನ್ನು ತೆಗೆದು, ಇದರ ಹೆಸರು ಎಲ್ಲಿ ಬರೆಯಲಿ ಎಂದು ಕೇಳಿದರು. “ನನ್ನ ಕಾಲಮ್ಮಿನಲ್ಲಿ ಬರೀರಿ” ಎಂದರು ಆಕೆ.